ಉತ್ತ ಹೊಲದ ನಡೆ

ನನ್ನ ಅತ್ತೆಗೆ ನಡೆ ನೋಡುವ ಚಟ. ಎತ್ತು ಕೊಳ್ಳಲು ಸಂತೆಗೆ ಹೋದರೆ ಬೇರೆಯವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ. ಇವರು ಮಾತ್ರ ಹಗ್ಗ ಹಿಡಿದು ನಡೆಸಿ ತೋರಿಸು ಎನ್ನುತ್ತಿದ್ದರು, ಅದೂ ರಸ್ತೆಯ ಮೇಲಲ್ಲ. "ತಾರ್ ರೋಡಲ್ಲಿ ಎಲ್ಲಾ ಎತ್ತೂ ಚೆಂದಾಗೇ ನಡೀತವ. ಉತ್ತಿರೋ ಒಲಕ್ಕ ಬುಟ್ಟು ತೋರ್ಸಪ್ಪ" ಎಂದು ಪಕ್ಕದ ಹೊಲಕ್ಕೆ ಇಳಿಸಿಬಿಡುವರು. ಮಾರುವವನು ಗೊಣಗಿದರೆ ನಿನ್ನ ಎತ್ತೇ ಬೇಡ ಎಂದು ಹೊರಟುಬಿಡುವರು. ಗೆಟ್ಟವಾಡಿಯಿಂದ ನಾನು ತಿಗನಾರೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ನನ್ನ ನಡೆಯನ್ನೂ ಹಾಗೇ ನೋಡಿ, "ಧಡಬಡ ಅಂತೀಯ ಕಣಮ್ಮಿ, ಆದ್ರ ಗಟ್ಟಿ ಇದ್ದಯ" ಎಂದು ಪಾಸು ಮಾಡಿದ್ದರು. ಎಮ್ಮೆಗೂ ಇದನ್ನೇ ಹೇಳುತ್ತಿದ್ದರಲ್ಲ ಎಂದು ನಾನು ಆ ವಾರವೆಲ್ಲ ಮುಖ ಊದಿಸಿಕೊಂಡಿದ್ದೆ.

ಅಂಥವರು ಹೋದ ವರ್ಷ ಕೊಟ್ಟಿಗೆ ತೊಳೆಯುವಾಗ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಪ್ಲೇಟು ಹಾಕಿದರು, ಮೂಳೆಯೂ ಕೂಡಿತು. ಆದರೆ ಒಂದು ಕಾಲು ತುಸು ಗಿಡ್ಡವಾಯಿತು. ಕೋಲೂರಿ ಎದ್ದರೆ ಮೈ ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ವಾಲುತ್ತದೆ. ಅಂಗಳದಲ್ಲಿ ಅವರು ನಡೆಯುವುದನ್ನು ನೋಡಿದ ನನ್ನ ಗಂಡ ಅಲ್ಲೇ ತೀರ್ಮಾನ ಹೇಳಿಬಿಟ್ಟರು.

"ಇನ್ನು ಒಲದ ಕಡ ಬರಬ್ಯಾಡ ಕಣವ್ವ. ಆನ ಬಂದ್ರ ಓಡಕಾದದಾ ನಿನ್ಗ?"

ಮಗನ ಭಯ ಸುಳ್ಳೇನಲ್ಲ. ನಮ್ಮ ಹೊಲ ಆನೆ ಇಳಿಯುವ ಕಾಡಂಚಿನಲ್ಲೇ ಇದೆ. ಆದರೆ ಹೊಲಕ್ಕೆ ಹೋಗದ ಅತ್ತೆಯನ್ನು ನಾನು ನೋಡಿಯೇ ಇರಲಿಲ್ಲ. ಜಗಲಿಯ ಮೇಲೆ ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, ತೇವ ಎಷ್ಟಿದೆ, ಬದುವಿನ ಹುಲ್ಲು ಯಾರಾದರೂ ಕೊಯ್ದರೇ ಎಂದು ಕೇಳುತ್ತಿದ್ದರು. ಊಟ ಕಡಿಮೆಯಾಯಿತು. ನನ್ನನ್ನು ಬಯ್ಯುವುದೂ ಕಡಿಮೆಯಾಯಿತು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ನಾನು ತಾಳವಾಡಿಯ ಒಂದು ಸಣ್ಣ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಒಂದು ಶುಕ್ರವಾರ ಮಗುವೊಂದು ಕಥೆಪುಸ್ತಕದಲ್ಲಿ ಸಿಕ್ಕ ಪದಕ್ಕೆ ಅರ್ಥ ಕೇಳಿತು: ಗಲಂಫ್. ನನಗೆಲ್ಲಿ ಗೊತ್ತು? ಸೋಮವಾರ ಹೇಳುತ್ತೇನೆಂದು ಟೀಚರ್ ಗತ್ತಿನಲ್ಲೇ ಜಾರಿಕೊಂಡೆ. ಸಂಜೆ ಜಗಲಿಯಲ್ಲಿ ಕೂತು ಫೋನಿನಲ್ಲಿ ಹುಡುಕಿದಾಗ ನಗು ಬಂತು. ಭಾರವಾಗಿ, ಸದ್ದು ಮಾಡುತ್ತ, ಅಡ್ಡಾದಿಡ್ಡಿ ನಡೆಯುವುದಕ್ಕೆ ಆ ಪದವಂತೆ.

"ಏನಮ್ಮಿ, ಒಬ್ಳೇ ನಗ್ತಿದ್ದಯ?" ಎಂದರು ಅತ್ತೆ.

ಹೇಳಿದೆ. ಆ ಪದ ಹುಟ್ಟಿದ್ದು ಹೇಗೆಂಬುದನ್ನೂ ಹೇಳಿದೆ. ನೂರೈವತ್ತು ವರ್ಷಗಳ ಹಿಂದೆ, ಮಕ್ಕಳಿಗಾಗಿ ಬರೆಯುತ್ತಿದ್ದ ಒಬ್ಬ ಇಂಗ್ಲಿಷಿನವನು ತಮಾಷೆಗೆ ಕಟ್ಟಿದ ಪದ ಅದು. ಕುದುರೆಯ ನಾಗಾಲೋಟಕ್ಕೆ ಒಂದು ಪದ, ಗೆಲುವಿಗೆ ಒಂದು ಪದ, ಎರಡನ್ನೂ ಬೆಸೆದಿರಬೇಕು ಎಂದು ಬಲ್ಲವರ ಊಹೆ. ಮೊದಲು ಅದು ಗೆದ್ದವನು ಜಂಬದಿಂದ ಕುಣಿದುಕೊಂಡು ಬರುವ ನಡೆಯಾಗಿತ್ತು. ಬರಬರುತ್ತ ಧಡಬಡ ಮಾತ್ರ ಉಳಿಯಿತು.

"ಗೆದ್ದೋನ ನಡೆ ಅಂತ ಉಟ್ಟಿ ಕೊನ್ಗ ಇಂಗಾಯ್ತಾ? ಗೆದ್ದುದ್ನ ಯಾರು ಕಿತ್ಕಂಡ್ರು?"

"ಯಾರೂ ಕಿತ್ಕೊಳ್ಳಲಿಲ್ಲ ಅತ್ತೆ. ಜನ ಮರೆತುಬುಟ್ರು, ಅಷ್ಟೇ."

ಅತ್ತೆ ಕೋಲಿನ ತುದಿಯಿಂದ ಅಂಗಳದ ಸಿಮೆಂಟನ್ನು ಕುಟ್ಟಿದರು. ಆಮೇಲೆ ಕೊಟ್ಟಿಗೆಯಲ್ಲಿದ್ದ ಮಗನನ್ನು ಕೂಗಿ ಕರೆದರು.

"ಈ ಸಿಮೆಂಟ್ ಮ್ಯಾಲ ನನ್ ನಡೆ ನೋಡಿ ಬ್ಯಾಡ ಅಂದ್ಬುಟ್ಟಲ್ಲ, ನಾನೇನು ಎತ್ಗಿಂತ ಕಡಮ್ಯಾ? ಉತ್ತಿರೋ ಒಲದಲ್ಲಿ ನಡ್ಸಿ ನೋಡ್ಲಾ. ಆಮ್ಯಾಲ ಬ್ಯಾಡ ಅನ್ನು, ನಾನೇ ಜಗಲಿ ಬುಟ್ಟು ಏಳಲ್ಲ."

ನನ್ನ ಗಂಡ ನನ್ನ ಮುಖ ನೋಡಿದರು. ನಾನು ಫೋನು ನೋಡಿದೆ.

ಭಾನುವಾರ ಬಿಸಿಲು ಬಂದ ಮೇಲೆ ಮೂವರೂ ಹೊರಟೆವು. ಹಿಂದಿನ ದಿನವಷ್ಟೇ ಟ್ರ್ಯಾಕ್ಟರ್ ಉತ್ತು ಹೋಗಿತ್ತು. ರಾಗಿ ಬಿತ್ತಲು ಇನ್ನೊಂದು ಉಳುಮೆ ಬಾಕಿ ಇತ್ತು. ಹೊಲದ ತುಂಬ ತಲೆಗಾತ್ರದ ಹೆಂಟೆಗಳು, ನಡುವೆ ಹಸಿ ಮಣ್ಣು. ಈ ಬದುವಿನಿಂದ ಆ ಬದುವಿಗೆ ನಡೆಯಬೇಕು ಎಂಬುದು ಅತ್ತೆಯದೇ ಷರತ್ತು. ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿಕೊಂಡು, ಕೋಲು ಮುಂದೆ ಊರಿ ಇಳಿದೇಬಿಟ್ಟರು. ಬಿದ್ದರೆ ಹಿಡಿಯಲು ನಾವಿಬ್ಬರೂ ಅಕ್ಕಪಕ್ಕದಲ್ಲಿ.

ಹಿಡಿಯುವ ಮಾತು ಹಾಗಿರಲಿ, ನಮ್ಮನ್ನು ಹಿಡಿಯುವವರು ಬೇಕಾಗಿತ್ತು. ಕಾಲ ಕೆಳಗೆ ಹೆಂಟೆ ಉರುಳಿ ಗಂಡ ಎರಡೂ ಕೈ ಬೀಸುತ್ತ ಓಲಾಡಿದರು. ನನ್ನ ಚಪ್ಪಲಿ ಮಣ್ಣಲ್ಲಿ ಹೂತು, ಕಾಲು ಮಾತ್ರ ಮೇಲೆ ಬಂತು. ಅದನ್ನು ಕೀಳಲು ಬಗ್ಗಿದವಳು ಅಂಗೈ ಊರಿ ಬಿದ್ದೆ. ಅತ್ತೆ ಅತ್ತ ವಾಲಿ ಇತ್ತ ವಾಲಿ, ನಿಂತು ಉಸಿರೆಳೆದುಕೊಂಡು, ಮತ್ತೆ ವಾಲುತ್ತ ಹೋಗುತ್ತಲೇ ಇದ್ದರು. ಆ ಹೊಲದಲ್ಲಿ ನೆಟ್ಟಗೆ ನಡೆಯುವವರು ಯಾರೂ ಇರಲಿಲ್ಲ. ಕಾಲಿನ ಗಿಡ್ಡ ಉದ್ದ ಅಲ್ಲಿ ಲೆಕ್ಕಕ್ಕೇ ಬರಲಿಲ್ಲ.

ಆ ಬದು ಮುಟ್ಟಿ, ಕೋಲಿನ ಮೇಲೆ ಎರಡೂ ಕೈ ಇಟ್ಟು ತಿರುಗಿ ನಿಂತರು. ಮಣ್ಣು ಮೆತ್ತಿಕೊಂಡು ಹಿಂದೆ ಬರುತ್ತಿದ್ದ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು, ಥೇಟ್ ಸಂತೆಯಲ್ಲಿ ನೋಡುವಂತೆ.

"ಈಗ ಯೋಳ್ಲಾ ಮಗ. ಯಾರ್ನ ಮಾರ್ಬುಡ್ತೀಯ?"

ನನ್ನ ಗಂಡ ಬದುವಿನ ಮೇಲೆ ಕುಸಿದು ಕೂತು ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. "ಬಿಸ್ಲು ಏರುದ್ ಮ್ಯಾಲ ಬಾ, ಒತ್ತು ಇಳಿಯಾಕ್ ಮುಂಚ ಮನಗ ಓಗು. ಒಬ್ಳೇ ಮಾತ್ರ ಬರಬ್ಯಾಡ ಕಣವ್ವ" ಎಂದರು.

"ಒಬ್ಳೇ ಯಾಕ ಬರಾನ? ಬೀಳಕ್ಕ ಇವಳಿದ್ದಾಳಲ್ಲ."

ಬಯ್ಗುಳ ವಾಪಸ್ಸು ಬಂದಿತ್ತು. ನನಗೆ ಅಳುವಷ್ಟು ಸಂತೋಷವಾಯಿತು.

ಮನೆಗೆ ಬರುವಾಗ ಬದುವಿನ ಅಣ್ಣೆಸೊಪ್ಪು ಕಿತ್ತು ಮಡಿಲು ತುಂಬಿಸಿಕೊಂಡರು. ಅಂಗಳದ ಸಿಮೆಂಟಿನ ಮೇಲೆ ಕೋಲು, ಕಾಲು, ಎಳೆದ ಕಾಲು, ಎಲ್ಲ ಸೇರಿ ಊರಿಗೆಲ್ಲ ಕೇಳುವಷ್ಟು ಸದ್ದು. ಜಗಲಿಯ ಬಳಿ ನಿಲ್ಲದೆ ನೇರ ಒಳಗೆ ನಡೆದರು. ಬಾಗಿಲು ದಾಟಿದವರು ತಿರುಗಿ, "ಅದೇನಮ್ಮಿ, ಆ ಇಂಗ್ಲೀಸು ನಡೆ?" ಎಂದರು.

"ಗಲಂಫ್."

"ಊಂ. ನಿನ್ ಸ್ಕೂಲ್ ಮಕ್ಕಳ್ಗ ಅರ್ಥ ಪೂರಾ ಯೋಳು. ಅರ್ಧಕ್ಕ ಬುಟ್ಬುಡಬ್ಯಾಡ."

ಸೋಮವಾರ ಹೇಳಿದೆ, ಗೆಲುವಿನ ಸಮೇತ.