ಮಂಜುಗಡ್ಡೆಯ ಮೇಲೆ ಕುಂಕುಮ

ಹ್ಯಾಂಬರ್ಗಿಗೆ ನಾನೂ ಐಸ್ ಹಾಕಿಯೂ ಒಂದೇ ಚಳಿಗಾಲದಲ್ಲಿ ಬಂದೆವು. ನನ್ನನ್ನು ಕರೆತಂದದ್ದು ಗಂಡನ ಗ್ರೀನ್ ಕಾರ್ಡು. ಕಂಪ್ಯೂಟರ್ ಬಲ್ಲವರಿಗೆ ಐದು ವರ್ಷದ ಪರವಾನಗಿ ಕೊಟ್ಟು ಜರ್ಮನಿ ಕರೆಸಿಕೊಳ್ಳುತ್ತಿದ್ದ ಕಾಲ ಅದು. ಆಟವನ್ನು ಕರೆತಂದವರು ಯಾರೋ ದೊಡ್ಡ ಮಾಲೀಕರು. ದಕ್ಷಿಣದ ಊರೊಂದರಲ್ಲಿದ್ದ ವೃತ್ತಿಪರ ತಂಡವನ್ನು ಬೇರುಸಹಿತ ಕಿತ್ತು, ಹೊಸ ಹೆಸರಿಟ್ಟು, ಹೊಸ ಅಂಗಿ ತೊಡಿಸಿ, ಫುಟ್‌ಬಾಲಿನ ಹುಚ್ಚು ಹತ್ತಿದ್ದ ಈ ಬಂದರು ನಗರದಲ್ಲಿ ತಂದು ನೆಟ್ಟಿದ್ದರು. ನಾವಿಬ್ಬರೂ ಇಲ್ಲಿ ಚಿಗುರುತ್ತೇವೋ ಒಣಗುತ್ತೇವೋ ಯಾರಿಗೂ ಗೊತ್ತಿರಲಿಲ್ಲ.

ನನ್ನದು ಗದಗಿನ ಪಕ್ಕದ ಬೆಟಗೇರಿ. ನಮ್ಮ ಓಣಿಯಲ್ಲಿ ಬಾಗಿಲ ಹಿಂದೆ ಹಾಕಿ ಸ್ಟಿಕ್ ಇಲ್ಲದ ಮನೆ ಹುಡುಕಬೇಕು. ನಾನು ಯೂನಿವರ್ಸಿಟಿ ತಂಡದಲ್ಲಿ ರೈಟ್ ಹಾಫ್ ಆಡಿದವಳು. ಆಮೇಲೆ ಹುಡುಗಿಯರ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆದೆ. ಹುಡುಗಿಯರು ಎದುರಿಗೆ ‘ಅಕ್ಕೋರೆ’ ಅನ್ನುತ್ತಿದ್ದರು, ಹಿಂದಿನಿಂದ ‘ಸೀಟಿ ಅಕ್ಕೋರು’. ಸೀಟಿಯೂ ಸಿಟ್ಟೂ ನನ್ನ ಜತೆಗೇ ಇರುತ್ತಿದ್ದವು, ಸುಳ್ಳಲ್ಲ. ಮದುವೆಯಾಗಿ ಹೊರಟಾಗ ಸಂಬಳವಿಲ್ಲದ ಒಂದು ವರ್ಷದ ರಜೆ ಸಿಕ್ಕಿತು. ಹೆಡ್ ಅಕ್ಕೋರು ಒಂದೇ ಮಾತು ಹೇಳಿದ್ದರು: “ಮುಂದಿನ ದೀಪಾವಳಿ ಸೂಟಿ ಮುಗಿಯೂದ್ರಾಗ ಬರ್ತೀಯೋ ಇಲ್ಲೋ ಬರದು ತಿಳಸು. ಅಲ್ಲೀತನಕ ನಿನ್ನ ಜಾಗಾ ಹಿಡದಿಟ್ಟಿರ್ತೀನಿ. ಅದರ ಮ್ಯಾಲ ಒಂದು ದಿನಾನೂ ಇಲ್ಲ ನೋಡು.”

ಇಲ್ಲಿ ಹೆಂಡತಿಯರು ಮೊದಲ ವರ್ಷ ನೌಕರಿ ಮಾಡುವ ಹಾಗಿರಲಿಲ್ಲ. ಗಂಡ ಬಂದರಿನ ಹತ್ತಿರದ ಆಫೀಸಿಗೆ ಹೋದರೆ ನಾನು ಕಿಟಕಿಯಲ್ಲಿ ಕೂತು ಜಿಟಿಜಿಟಿ ಮಳೆ ನೋಡಬೇಕು. ಹತ್ತು ವರ್ಷ ಮೈದಾನದಲ್ಲಿ ಓಡಿದ ಕಾಲು ಕೂತಲ್ಲೇ ಜೋಮು ಹಿಡಿಯುತ್ತಿತ್ತು. ವಾಪಸ್ ಹೋಗಲೋ, ಇರಲೋ ಎಂದು ಗಂಡನನ್ನು ಕೇಳಿದರೆ, “ನಿನಗ ಹೆಂಗ ಅನಸ್ತೈತಿ ಹಂಗ ಮಾಡು” ಅನ್ನುತ್ತಿದ್ದರು. ಎಷ್ಟು ಒಳ್ಳೆಯ ಗಂಡ ಎಂದು ನನ್ನ ತಂಗಿ ಫೋನಿನಲ್ಲಿ ಹೊಗಳಿದಳು. ನನಗೆ ಮಾತ್ರ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಇರು ಅನ್ನಬೇಕು, ಇಲ್ಲ ಹೋಗು ಅನ್ನಬೇಕು. ಎರಡೂ ಅನ್ನದ ಮನುಷ್ಯನ ಜತೆ ಜಗಳವಾದರೂ ಹೇಗೆ ಆಡುವುದು?

ಜನವರಿಯಲ್ಲಿ ಒಂದು ದಿನ ತರಕಾರಿ ತರಲು ಶಾಪಿಂಗ್ ಸೆಂಟರಿಗೆ ಹೋಗಿದ್ದೆ. ಹೊಸ ತಂಡದವರು ಅಲ್ಲಿ ಪ್ರಚಾರಕ್ಕೆ ಗೋಲು ನಿಲ್ಲಿಸಿದ್ದರು. ಗೋಲಿಗೆ ಕಟ್ಟಿದ ತಾಡಪಾಲಿನಲ್ಲಿ ಐದು ತೂತು, ಒಬ್ಬೊಬ್ಬರಿಗೆ ಐದು ಚೆಂಡು. ಸ್ಟಿಕ್‌ನಿಂದ ಚೆಂಡು ಹೊಡೆದು ಒಂದರಲ್ಲಿ ತೂರಿಸಿದರೂ ಮ್ಯಾಚಿನ ಎರಡು ಟಿಕೆಟ್ಟು ಪುಕ್ಕಟೆ. ಸಾಲಿನಲ್ಲಿದ್ದವರು ಸ್ಟಿಕ್ ಹಿಡಿದ ರೀತಿ ನೋಡಿ ನನಗೆ ತಡೆಯಲಾಗಲಿಲ್ಲ. ಒಬ್ಬರು ಕಸಬರಿಗೆ ಹಿಡಿದಂತೆ ಹಿಡಿದಿದ್ದರು. ಕೈಚೀಲ ಕೆಳಗಿಟ್ಟೆ, ಗಂಡನ ದಪ್ಪ ಜಾಕೆಟ್ಟಿನ ತೋಳು ಮಡಚಿದೆ. ಸ್ಟಿಕ್ ನಮ್ಮದಕ್ಕಿಂತ ಉದ್ದ, ಅಲಗು ಚಪ್ಪಟೆ. ಮೊದಲ ಚೆಂಡು ಎಲ್ಲೋ ಹೋಯಿತು. ಉಳಿದ ನಾಲ್ಕೂ ನಾಲ್ಕು ತೂತಿನಲ್ಲಿ ಹೋದವು.

ಆ ಗೋಲಿನ ಉಸ್ತುವಾರಿಗೆ ನಿಂತಿದ್ದ ದಢೂತಿ ಮನುಷ್ಯ ಬಾಯಿ ತೆರೆದು ನೋಡಿದರು. ಅವರು ಹಳೆಯ ಆಟಗಾರರು. ತಂಡದ ಜತೆಗೇ ದಕ್ಷಿಣದಿಂದ ಬಂದವರು, ಆಲ್ಪ್ಸ್ ತಪ್ಪಲಿನ ಊರಿನವರು. ಅವರ ಊರಲ್ಲೂ ಬಾಗಿಲ ಹಿಂದೆ ಸ್ಟಿಕ್ ಇರುತ್ತಿತ್ತಂತೆ. ಅವರ ಜರ್ಮನ್ ಹ್ಯಾಂಬರ್ಗಿನವರಿಗೆ ಅರ್ಧ ತಿಳಿಯುತ್ತಿರಲಿಲ್ಲ, ನನ್ನದು ಮುಕ್ಕಾಲು. ಹಾಗಾಗಿ ನಮ್ಮಿಬ್ಬರಿಗೆ ಕೂಡಲೇ ಕೂಡಿಬಂತು. ಶಾಲೆಗಳಿಗೆ ಹೋಗಿ ಮಕ್ಕಳಿಗೆ ಸ್ಟಿಕ್ ಹಿಡಿಯಲು ಕಲಿಸಬೇಕು, ಆಗ ಅವರ ಅಪ್ಪ ಅಮ್ಮ ಮ್ಯಾಚಿಗೆ ಬರುತ್ತಾರೆ, ಇಲ್ಲಿ ಕಲಿಸುವವರೇ ಇಲ್ಲ, ನೀವು ಬರುತ್ತೀರಾ ಎಂದು ಕೇಳಿದರು. ನೌಕರಿಯಲ್ಲ, ಬರೀ ಸೇವೆ. ನಾನು ಯಾವ ದಿನ, ಎಷ್ಟು ಗಂಟೆಗೆ ಎಂದಷ್ಟೇ ಕೇಳಿದೆ. ಮನೆಗೆ ಬಂದ ಮೇಲೆ ತರಕಾರಿ ಚೀಲ ಅಲ್ಲೇ ಬಿಟ್ಟು ಬಂದದ್ದು ನೆನಪಾಯಿತು.

ಆ ವಾರವೇ ಪುಕ್ಕಟೆ ಟಿಕೆಟ್ಟಿನಲ್ಲಿ ಗಂಡನನ್ನು ಎಳೆದುಕೊಂಡು ಮ್ಯಾಚಿಗೆ ಹೋದೆ. ಹಾಲ್ ತುಂಬ ಜನ, ಯಾರಿಗೂ ನಿಯಮ ಗೊತ್ತಿಲ್ಲ! ಅಂಪೈರ್ ಸೀಟಿ ಊದಿದಾಗಲೆಲ್ಲ ಮೈಕಿನಲ್ಲಿ ಒಬ್ಬರು ಯಾಕೆ ಊದಿದರೆಂದು ವಿವರಿಸುತ್ತಿದ್ದರು. ಪಕ್ಕದಲ್ಲಿದ್ದ ಅಜ್ಜಿ ಎದುರು ತಂಡದ ಗೋಲಿಗೂ ಚಪ್ಪಾಳೆ ಹೊಡೆದರು. ಈ ಊರಿನಲ್ಲಿ ಕಸದ ಡಬ್ಬಿ ಮೊದಲ್ಗೊಂಡು ಎಲ್ಲದರ ನಿಯಮವೂ ಎಲ್ಲರಿಗೂ ಗೊತ್ತು, ಗೊತ್ತಿಲ್ಲದವಳು ನಾನೊಬ್ಬಳೇ ಎಂದು ತಿಂಗಳುಗಟ್ಟಲೆ ಕುಗ್ಗಿದ್ದೆ. ಅವತ್ತು ಎಲ್ಲರೂ ನನ್ನ ಸಾಲಿಗೆ ಬಂದಿದ್ದರು. ಅಷ್ಟು ಖುಷಿ ನನಗೆ ಹ್ಯಾಂಬರ್ಗಿನಲ್ಲಿ ಅದೇ ಮೊದಲು.

ಆದರೆ ಒಂದು ವಿಷಯಕ್ಕೆ ರಕ್ತ ಕುದಿಯಿತು. ಇಬ್ಬರು ಆಟಗಾರರು ಸ್ಟಿಕ್ ಬಿಸಾಡಿ ಮುಷ್ಟಿಯುದ್ಧಕ್ಕೆ ನಿಂತರು. ಹೊಡೆದಾಡಲಿ ಬಿಡಿ, ಅದು ಅವರ ಹಣೆಬರಹ. ನಮ್ಮಲ್ಲಿ ಸ್ಟಿಕ್ ದಾಟುವುದೇ ತಪ್ಪು. ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ನಾನು ಎದ್ದು ನಿಂತು, “ಏ, ಸ್ಟಿಕ್ ಯಾಕ ಒಗೀತಿಯೋ! ಎತ್ಕೊಳೋ ಮೊದಲ!” ಎಂದು ಕೂಗಿದೆ. ತಂಡಕ್ಕೆ ಹುರುಪು ತುಂಬುತ್ತಿದ್ದೇನೆಂದು ಸುತ್ತಲಿನವರೂ ಎದ್ದು ಕೂಗಿದರು. ಗಂಡ ಮಫ್ಲರಿನಲ್ಲಿ ಮುಖ ಮುಚ್ಚಿಕೊಂಡರು.

ಅಲ್ಲಿಂದ ಪ್ರತಿ ಶನಿವಾರ ಬೆಳಿಗ್ಗೆ ಒಂದೊಂದು ಶಾಲೆಯ ಆಟದ ಹಾಲಿಗೆ ಹೋಗುತ್ತಿದ್ದೆವು. ಸ್ಟಿಕ್‌ಗೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವುದನ್ನೂ ಮಕ್ಕಳಿಗೆ ಕಲಿಸಿದೆ. ಎರಡು ತಿಂಗಳಲ್ಲಿ ದಢೂತಿ ಸಾಹೇಬರೂ ಒತ್ತಿಕೊಳ್ಳತೊಡಗಿದರು. ವರ್ಷ ತುಂಬಿದ ಮೇಲೆ ನಿಮ್ಮನ್ನು ಸರಿಯಾದ ನೌಕರಿಗೇ ತೆಗೆದುಕೊಳ್ಳುವಂತೆ ತಂಡದವರಿಗೆ ಹೇಳುತ್ತೇನೆ ಎಂದೂ ಅಂದರು. ನನ್ನ ಲೆಕ್ಕಕ್ಕೆ ಅದು ಇನ್ನೂ ಗಾಳಿಯ ಮಾತು. ಬೆಟಗೇರಿಯ ಜಾಗ ಗಟ್ಟಿ. ಬೇಸಿಗೆ ಹೋಯಿತು, ಅಕ್ಟೋಬರ್ ಬಂತು, ಹೆಡ್ ಅಕ್ಕೋರಿಗೆ ನಾನು ಇನ್ನೂ ಏನೂ ಬರೆದಿರಲಿಲ್ಲ.

ಅಷ್ಟರಲ್ಲಿ ಆಯುಧ ಪೂಜೆ ಬಂತು. ಊರಲ್ಲಿ ಶಾಲೆಯ ಸ್ಟಿಕ್ಕುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ನಾನೇ ಪೂಜೆ ಮಾಡುತ್ತಿದ್ದವಳು. ಇಲ್ಲಿ ತಂಡದ ತಾಲೀಮಿನ ಹಾಲಿನಲ್ಲಿ ಮಾಡಲೇ ಎಂದು ಸಾಹೇಬರನ್ನು ಕೇಳಿದರೆ, ಓಹೋ ಮಾಡಿ ಎಂದರು. ಸೇವಂತಿಗೆ, ಕುಂಕುಮ, ಊದಿನಕಡ್ಡಿ, ನಿಂಬೆಹಣ್ಣು ಹೊತ್ತು ಮಧ್ಯಾಹ್ನ ಹೋದೆ. ಗಂಡ ಅರ್ಧ ದಿನ ರಜೆ ಹಾಕಿ ಕ್ಯಾಮೆರಾ ಹಿಡಿದು ಬಂದರು. ಸ್ಟಿಕ್ಕುಗಳ ಪೂಜೆ ಚೆನ್ನಾಗಿಯೇ ಆಯಿತು. ಆಟಗಾರರು ಶಿಸ್ತಾಗಿ ಕೈಮುಗಿದು ನಿಂತರು.

ಅಲ್ಲಿಗೆ ಬಿಡಬೇಕಿತ್ತು. ಆದರೆ ಮೂಲೆಯ ಶೆಡ್ಡಿನಲ್ಲಿ ಐಸ್ ನುಣುಪು ಮಾಡುವ ಗಾಡಿ ನಿಂತಿತ್ತು. ಹೊಚ್ಚ ಹೊಸದು, ಅದಕ್ಕೊಂದು ಹೂವೂ ಇಲ್ಲ. ಗಾಡಿಗೆ ಪೂಜೆ ಮಾಡಲು ಯಾರ ಅಪ್ಪಣೆ ಬೇಕು? ನಾಲ್ಕು ನಿಂಬೆಹಣ್ಣು ಹೋಳು ಮಾಡಿ, ಧಾರಾಳವಾಗಿ ಕುಂಕುಮ ಮೆತ್ತಿ, ನಾಲ್ಕೂ ಗಾಲಿಯ ಕೆಳಗೆ ಇಟ್ಟೆ. ಆ ಗಾಲಿಗಳಿಗೆ ಜಾರದಂತೆ ಮೊಳೆ ಹೊಡೆದಿರುತ್ತಾರೆ ಎಂದು ನನಗೇನು ಗೊತ್ತು! ಐಸಿನ ಜವಾಬ್ದಾರಿ ಹೊತ್ತ ಐಸ್‌ಮೈಸ್ಟರ್ ಎಂಬ ಮುದುಕರು ಬಂದು, ಯಾರ ಮುಖವನ್ನೂ ನೋಡದೆ ಗಾಡಿ ಹತ್ತಿ ಹೊರಟರು. ಹೋಳುಗಳು ಮೊಳೆಗೆ ಚುಚ್ಚಿಕೊಂಡು ಗಾಲಿಯ ಜತೆಗೇ ಹೋದವು. ಗಾಲಿಯ ಪ್ರತಿ ಸುತ್ತಿಗೂ ಬಿಳಿ ಐಸಿನ ಮೇಲೆ ಒಂದು ಕೆಂಪು ಬೊಟ್ಟು. ಗಾಡಿಯ ಹಿಂದಿನಿಂದ ಸುರಿಯುವ ಬಿಸಿನೀರು ಆ ಬೊಟ್ಟುಗಳನ್ನೆಲ್ಲ ಕರಗಿಸಿ ಹರಡಿತು. ಮುದುಕರು ಹಿಂದಿರುಗಿ ನೋಡುವಷ್ಟರಲ್ಲಿ ಒಂದು ಮೂಲೆ ಪೂರಾ ಗುಲಾಬಿ ಬಣ್ಣ.

ಅವರು ಕೂಗಿದ್ದು ನನಗೆ ಒಂದಕ್ಷರ ಬಿಡದೆ ಅರ್ಥವಾಯಿತು. ಮುಗಿಯಿತು, ಇನ್ನು ನನ್ನನ್ನು ಯಾರು ತೆಗೆದುಕೊಳ್ಳುತ್ತಾರೆ, ನಾಳೆಯೇ ಹೆಡ್ ಅಕ್ಕೋರಿಗೆ ಬರುತ್ತೇನೆಂದು ಬರೆಯುವುದು ಎಂದುಕೊಂಡೆ. ಮುದುಕರು ನನ್ನ ಕೈಗೊಂದು ಕೆರೆಯುವ ಪಟ್ಟಿ ಕೊಟ್ಟು ಐಸಿನ ಕಡೆ ಬೆರಳು ತೋರಿಸಿದರು. ಸಾಹೇಬರು ತಮಗೂ ಒಂದು ತಂದುಕೊಂಡರು. ಇಬ್ಬರೂ ಮಂಡಿಯೂರಿ ಕೆರೆಯಲು ಕೂತೆವು. ತಾಲೀಮು ನಿಂತಿತು. ಇಡೀ ತಂಡ ಹೆಲ್ಮೆಟ್ ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತಿತ್ತು.

ಆಗ ನನ್ನ ಗಂಡ ಕ್ಯಾಮೆರಾ ಕುರ್ಚಿಯ ಮೇಲಿಟ್ಟು, ಆಫೀಸಿನ ಬೂಟಿನಲ್ಲೇ ಐಸಿಗೆ ಇಳಿದರು. ಎರಡು ಹೆಜ್ಜೆ ಇಟ್ಟರು. ಮೂರನೆಯದಕ್ಕೆ ಧೊಪ್ಪನೆ ಬಿದ್ದರು. ಆಟಗಾರರು ಸ್ಟಿಕ್ಕಿನಿಂದ ಕಟಾಂಜನ ಬಡಿದು ಶಹಬ್ಬಾಸ್ ಹೇಳಿದರು. ಗಂಡ ಏಳುವ ಯತ್ನವನ್ನೇ ಮಾಡದೆ ಅಂಬೆಗಾಲಿಟ್ಟು ನನ್ನ ಪಕ್ಕಕ್ಕೆ ಬಂದರು. ಕೆರೆಯಲು ಇನ್ನೊಂದು ಪಟ್ಟಿ ಇರಲಿಲ್ಲ. ಜೇಬಿನಿಂದ ರೈಲಿನ ತಿಂಗಳ ಪಾಸು ತೆಗೆದು ಅದರಿಂದಲೇ ಕೆರೆಯತೊಡಗಿದರು.

ತಲೆ ಎತ್ತದೆ ಅಂದರು: “ಊರಿಗೆ ಹೋಗಬ್ಯಾಡ.”

“ಏನಂದ್ರಿ?”

“ಹೋಗಬ್ಯಾಡ ಅಂದೆ. ವರ್ಷಾತು ಹೇಳಬೇಕಂತ. ನಿನ್ನ ನೌಕರಿ, ನಿನ್ನ ಹುಡುಗ್ಯಾರು... ನಾ ಹೆಂಗ ಅಡ್ಡ ಬರ್ಲಿ ಅಂತ ಸುಮ್ಮನಿದ್ದೆ.”

“ಇಷ್ಟು ಹೇಳಾಕ ಒಂದು ವರ್ಷ ಬೇಕಾತೇನ್ರಿ ನಿಮಗ!” ಎಂದು ನಾನು ಕಿರುಚಿದೆ. ಕುಂಕುಮದ ಕಲೆಗಾಗಿ ಗಂಡ ಹೆಂಡತಿ ಜಗಳವಾಡುತ್ತಿದ್ದಾರೆಂದು ತಿಳಿದ ಸಾಹೇಬರು, ಹೋಗುತ್ತದೆ ಹೋಗುತ್ತದೆ, ಚಿಂತೆ ಮಾಡಬೇಡಿ ಎಂದು ಸಮಾಧಾನ ಹೇಳಿದರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಕೆರೆಯುವ ಕೈಯನ್ನಂತೂ ನಿಲ್ಲಿಸಲಿಲ್ಲ.

ಕೊನೆಗೆ ಸಾಹೇಬರ ಹತ್ತಿರ ತಪ್ಪಾಯಿತು ಎಂದೆ. ಅವರು ಮಂಡಿ ಒರೆಸಿಕೊಳ್ಳುತ್ತಾ, ಈ ಶನಿವಾರದಿಂದ ಇನ್ನೂ ಎರಡು ಶಾಲೆ ಸೇರಿವೆ, ಹತ್ತು ಗಂಟೆಗೆ ಬಂದುಬಿಡಿ ಎಂದರು. ಐಸ್‌ಮೈಸ್ಟರ್ ಮಾತ್ರ ಒಂದು ತಿಂಗಳು ನನ್ನನ್ನು ಮಾತಾಡಿಸಲಿಲ್ಲ.

ಮರುದಿನ ಹೆಡ್ ಅಕ್ಕೋರಿಗೆ ಪತ್ರ ಬರೆಯಲು ಕೂತೆ. ನನ್ನ ಹುಡುಗಿಯರ ಮುಖ ಒಂದೊಂದಾಗಿ ಕಣ್ಣ ಮುಂದೆ ಬಂದು, ಎರಡು ಹಾಳೆ ಒದ್ದೆಯಾಗಿ ಹೋದವು. ಮೂರನೆಯದರಲ್ಲಿ ರಾಜೀನಾಮೆ ಎಂದು ಬರೆದೆ. ಕಾರಣ ಕೊಡಬೇಕಿತ್ತು. ಇಲ್ಲಿನ ಮಕ್ಕಳಿಗೆ ಇನ್ನೂ ಸ್ಟಿಕ್ ಹಿಡಿಯಲು ಬರುವುದಿಲ್ಲ ಎಂದು ಬರೆದೆ. ಅದು ನಿಜವೇ ಆಗಿತ್ತು. ಇನ್ನೊಂದು ಕಾರಣವೂ ಇತ್ತು, ಅದನ್ನು ಹೆಡ್ ಅಕ್ಕೋರಿಗೆ ಬರೆಯಲು ನಾಚಿಕೆಯಾಯಿತು. ಅದು ಆಗ ಅಡುಗೆಮನೆಯಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿತ್ತು.