ಅವ್ವನ ದವಡೆ ಹಲ್ಲು, ಮನೆಯ ಆರೋಗ್ಯ ಕಾರ್ಡು

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಘಾಟಿಗೆ ಹೆದರಿ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಆ ವರ್ಷದ ಹಂಗಾಮಿನಲ್ಲಿ, ಅದೇ ಕೆಲಸಕ್ಕೆ ಹೋಗುತ್ತಿದ್ದ ನಮ್ಮವ್ವ ಮನೆಗೆ ಬಂದ ಮೇಲೂ ಆ ಬಟ್ಟೆ ಬಿಚ್ಚುತ್ತಿರಲಿಲ್ಲ. ಕೇಳಿದರೆ, "ಇನ್ನೂ ಘಾಟು ಹೋಗಿಲ್ಲ" ಎನ್ನುತ್ತಿದ್ದಳು. ನಾನು ಬೆಳಿಗ್ಗೆ ರಾಣೆಬೆನ್ನೂರಿನ ಬಟ್ಟೆ ಅಂಗಡಿಗೆ ಹೋಗಿ ಸಂಜೆ ಬರುವವಳು. ನಂಬಿಬಿಟ್ಟೆ. ಅವಳು ಗೋಡೆಗೆ ಮುಖ ಮಾಡಿ ಕೂತು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುವುದನ್ನು ಕಂಡರೂ ನನ್ನ ದಡ್ಡತಲೆಗೆ ಏನೂ ಹೊಳೆಯಲಿಲ್ಲ.

ಶಿವರಾತ್ರಿ ಹತ್ತಿರದ ಒಂದು ಭಾನುವಾರ ಅವ್ವ ತಲೆಗೆ ನೀರು ಹಾಕಿಕೊಂಡು ಬಂದಾಗ ಮುಖ ಕಂಡಿತು. ಎಡಗೆನ್ನೆ ಬಾತು, ಆ ಕಡೆಯ ಕಣ್ಣು ಸಣ್ಣದಾಗಿತ್ತು.

"ಎಷ್ಟ್ ದಿನಾ ಆತು?"

"ದೀಪಾವಳಿಗೆ ಶುರುವಾಗೈತಿ."

"ಮತ್ತ ಹೇಳಾಕ ಏನಾಗಿತ್ತು ನಿನಗ?"

ಅವ್ವ ಒಳಗೆ ಮಲಗಿದ್ದ ಅಪ್ಪನತ್ತ ನೋಡಿ ದನಿ ಇಳಿಸಿದಳು. "ಕಾರ್ಡಿನಾಗ ಇಡೀ ಮನಿಗೆ ವರ್ಷಕ್ಕ ಇಷ್ಟ ರೊಕ್ಕ ಅಂತ ಇರ್ತೈತಿ. ನನ್ನ ಹಲ್ಲಿಗೆ ಅದು ಖರ್ಚಾಗಿ, ನಿಮ್ಮಪ್ಪಗ ಮತ್ತ ಎದಿ ಹಿಡದ್ರ?"

ಅಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಿದಾಗ ನಮ್ಮ ಕೈ ಹಿಡಿದದ್ದು ಸರ್ಕಾರದ ಆ ಆರೋಗ್ಯ ಕಾರ್ಡೇ. ಅಂದಿನಿಂದ ಅವ್ವ ಅದನ್ನು ದೇವರ ಜಗಲಿಯ ಮೇಲೆ ಇಟ್ಟಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟೆಲ್ಲ ಯೋಚಿಸಿದವಳು ಯಾರನ್ನಾದರೂ ಒಂದು ಮಾತು ಕೇಳಬಾರದಿತ್ತೇ?

ಮರುದಿನ ರಜೆ ಹಾಕಿ ಹಾವೇರಿಯ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆ. ಹಲ್ಲಿನ ಡಾಕ್ಟರು ನನ್ನ ವಯಸ್ಸಿನ ಹೆಣ್ಣುಮಗಳು. ಬಾಯಿಗೆ ಬೆಳಕು ಹಿಡಿದು ನೋಡಿದರು.

"ಅಮ್ಮಾರ, ಮೊದಲ ಬಂದಿದ್ರ ಹುಳುಕು ತುಂಬಿ ಹಲ್ಲು ಉಳಸಬಹುದಿತ್ರಿ. ಈಗ ಗುಳಿಗಿ ಕೊಡ್ತೇನಿ. ಬಾವು ಇಳದ ಮ್ಯಾಲ ಎರಡು ದವಡಿ ಹಲ್ಲು ತಗೀಬೇಕು."

ಅವ್ವ ಕೈಚೀಲದಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಬೆರಳನ್ನು ಮಾತ್ರ ಅದರ ಮೇಲಿಂದ ಎತ್ತಲಿಲ್ಲ.

"ಇದು ಬ್ಯಾಡ್ರಿ. ತುಂಬೂದು, ಕೀಳೂದು ಇಲ್ಲೆ ಪುಕ್ಕಟೆ ಮಾಡ್ತೇವಿ. ಹೊಸಾ ಹಲ್ಲು ಕಟ್ಟಿಸಾಕ ಈ ಕಾರ್ಡು ನಡಿಯಂಗಿಲ್ಲ, ಅದನ್ನ ಹೊರಗ ಮಾಡಿಸ್ಕೋಬೇಕು."

ನನಗೆ ಅಳುವೇ ಬಂತು. ಹಲ್ಲಿಗೆ ಬೇಕೇ ಇಲ್ಲದ ಕಾರ್ಡನ್ನು ಕಾಯಲು ಇವಳು ಇಷ್ಟು ತಿಂಗಳು ನೋವು ನುಂಗಿ, ಉಳಿಯಬಹುದಾಗಿದ್ದ ಹಲ್ಲುಗಳನ್ನು ಕಳೆದುಕೊಂಡಿದ್ದಳು. ಅವ್ವನ ಮುಖ ನೋಡಿದರೆ, ಆ ಬಾವಿನಲ್ಲೂ ಅರಳಿತ್ತು.

"ಅಂದ್ರ ಕಾರ್ಡಿನಾಗಿಂದು ಏನೂ ಕಡಿಮಿ ಆಗಂಗಿಲ್ಲಲ್ರಿ?"

"ಒಂದು ರೂಪಾಯಿನೂ ಆಗಂಗಿಲ್ರಿ."

ಅವ್ವ ಕಾರ್ಡನ್ನು ಚೀಲದೊಳಗೆ ಇಟ್ಟುಕೊಂಡು, ಮತ್ತೆ ಕುರ್ಚಿಗೆ ಒರಗಿದಳು.

"ಹಂಗಾರ ಬಲಗಡೀದೂ ನೋಡ್ರಿ" ಎಂದು ಬಾಯಿ ತೆರೆದಳು.