ಮರಿಗಳನ್ನು ಯಾರು ತಿಂದರು?

ವಿರಾಜಪೇಟೆಯಲ್ಲಿ ಮಡಿಕೇರಿ ಬಸ್ಸಿಗೆ ಕಾಯುತ್ತ, ನಾದಿನಿ ದುಬೈಯಿಂದ ತಂದಿದ್ದ ಅರಬ್ಬಿ ಚಿತ್ರಪುಸ್ತಕ ತೆರೆದೆ. ಅಕ್ಷರ ಬಾರದಿದ್ದರೇನು, ಚಿತ್ರ ನೋಡಿಯೇ ಮೊಮ್ಮಗಳಿಗೆ ಕಥೆ ಹೇಳತೊಡಗಿದೆ. ಮೊದಲ ಪುಟದಲ್ಲಿ ಗೂಡಿನ ತುಂಬ ಮರಿಗಳಿದ್ದವು. ಪುಟ ಮಗುಚಿದಂತೆ ಮರಿಗಳು ಮಾಯವಾದವು, ಗೂಡೂ ಕರಗಿತು. ಕೊನೆಗೆ ಬೋಳು ಕೊಂಬೆಯ ಮೇಲೆ ಹಕ್ಕಿಯೊಂದೇ ಉಳಿಯಿತು.

ಮೊಮ್ಮಗಳು ಬಿಕ್ಕಿದಳು. "ಮರಿಗಳನ್ನ ಯಾರು ತಿಂದ್ರು?"

ಪಕ್ಕದಲ್ಲಿ ತಾಯಿಯೊಡನೆ ಕುಳಿತಿದ್ದ ಹುಡುಗಿ ನಕ್ಕುಬಿಟ್ಟಳು. "ಯಾರೂ ತಿಂದಿಲ್ಲ. ಆಂಟಿ ಕೊನೆಯಿಂದ ಶುರು ಮಾಡಿದ್ರು. ನಮ್ಮ ಮದ್ರಸದ ಪುಸ್ತಕದ ತರ ಇದನ್ನ ಬಲಗಡೆಯಿಂದ ತೆಗೀಬೇಕು."

ಅವಳು ಪುಟ ಮಗುಚಿದಳು. ಹಕ್ಕಿ ಕಡ್ಡಿ ತಂದಿತು, ಗೂಡು ಕಟ್ಟಿತು, ಮರಿಗಳು ಬಾಯಿ ತೆರೆದವು.

ಬಸ್ಸು ಬಂತು. ಕೈ ಹಿಡಿದು ಎಬ್ಬಿಸಿದರೆ ಮೊಮ್ಮಗಳು ಕೊಸರಿಕೊಂಡಳು. "ನೀನು ಸುಮ್ನೆ ಕೂತ್ಕೊ ಅಜ್ಜಿ, ಅಕ್ಕ ಇನ್ನೊಂದ್ಸಲ ಹೇಳ್ಲಿ."

ನಾನು ಕೂತೆ. ಬಸ್ಸು ಹೋಯಿತು.